ನಾನಾಗಿದ್ರ ಇಡ್ತಿದ್ದೆ

ಟಿವಿಯಲ್ಲಿ ಕಾಣಿಸಿಕೊಳ್ಳುವುದಕ್ಕೆ ಎಷ್ಟೋ ಮೊದಲೇ ದಾಕ್ಷಾಯಣಿ ಬಾಗಲಗುಂಟೆಯ ತನ್ನ ಬೀದಿಗೆ ಹಣಕಾಸು ಮಂತ್ರಿಯಾಗಿದ್ದಳು. ಗದಗಿನ ಕಡೆಯವಳು. ಗಂಡ ವಿರೂಪಾಕ್ಷನಿಗೆ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಾಗ ಜೊತೆಗೆ ಬಂದವಳು, ಊರಿನ ಮಾತನ್ನು ಮಾತ್ರ ಬಿಟ್ಟಿರಲಿಲ್ಲ. ಯಾವ ಚೀಟಿಗೆ ಸೇರಬೇಕು, ಯಾವುದರ ತಂಟೆಗೆ ಹೋಗಬಾರದು ಎಂದು ಕೇಳಲು ಅಕ್ಕಪಕ್ಕದ ಹೆಂಗಸರು ಅವಳ ಅಡುಗೆಮನೆಗೇ ಬರುತ್ತಿದ್ದರು. ಅವಳು ರೊಟ್ಟಿ ಬಡಿಯುತ್ತಲೇ ಉತ್ತರ ಕೊಡುತ್ತಿದ್ದಳು. ಎಂದೋ ಓದಿದ್ದ ಬಿ.ಕಾಂ. ಹೀಗೆ ಒಲೆಯ ಮುಂದೆ ಕೆಲಸಕ್ಕೆ ಬಂತು.

ಅದನ್ನೆಲ್ಲ ಪುಸ್ತಕ ಮಾಡು ಎಂದು ಬೆನ್ನು ಬಿದ್ದವಳು ಎದುರುಮನೆಯ ಫಖ್ರುನ್ನೀಸಾ. ಮನೆಯಲ್ಲೇ ಮಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುವವಳು. ತನ್ನದೇ ಒಂದು ಅಂಗಡಿ, ಅದಕ್ಕೊಂದು ಶಟರ್, ಮೇಲೊಂದು ಬೋರ್ಡು, ಇಷ್ಟೇ ಅವಳ ಆಸೆ. ದಾಕ್ಷಾಯಣಿ ಒಂದೊಂದು ಅಧ್ಯಾಯ ಬರೆದಾಗಲೂ ಎದುರುಮನೆಗೆ ಹೋಗಿ ಓದಿ ಹೇಳುವಳು. ಫಖ್ರುನ್ನೀಸಾ ಮಷಿನ್ ತುಳಿಯುತ್ತ ಕೇಳುವಳು. ಅರ್ಥವಾಗದ ಮಾತು ಬಂದರೆ ಅವಳ ಕಾಲು ನಿಲ್ಲುತ್ತಿತ್ತು. ಮಷಿನ್ ನಿಂತ ವಾಕ್ಯವನ್ನು ದಾಕ್ಷಾಯಣಿ ಅಲ್ಲೇ ಹೊಡೆದುಹಾಕಿ ಬೇರೆ ಬರೆಯುತ್ತಿದ್ದಳು. ಎಂತೆಂಥ ಪಂಡಿತರು ಬರೆದ ಹಣಕಾಸಿನ ಪುಸ್ತಕಗಳು ಅಂಗಡಿಯಲ್ಲಿ ಧೂಳು ತಿನ್ನುತ್ತಿದ್ದಾಗ ಇವಳದು ಬಿಸಿ ಬೋಂಡಾದಂತೆ ಖರ್ಚಾಯಿತು. ಕಾರಣ ಆ ಮಷಿನ್ನು. ಮುನ್ನುಡಿಯಲ್ಲಿ ಅದರ ಹೆಸರಿಲ್ಲ, ಅದು ಬೇರೆ ಮಾತು.

ಆಮೇಲೆ ಬಂದವನು ಬಸವಕಿರಣ. ಆರ್.ಟಿ. ನಗರದಲ್ಲಿ ಸ್ಟುಡಿಯೋ ಇಟ್ಟುಕೊಂಡು ಟಿವಿಗೆ ಕಾರ್ಯಕ್ರಮ ಮಾಡಿಕೊಡುವವನು. ಬಾಯ್ತುಂಬ "ಅಕ್ಕಾ" ಎಂದ, ಎಣ್ಣೆಗಾಯಿ ಹಾಕಿಸಿಕೊಂಡು ರೊಟ್ಟಿ ತಿಂದ, ತಟ್ಟೆಯನ್ನು ತಾನೇ ತೊಳೆದಿಟ್ಟ. ಅಷ್ಟಕ್ಕೇ ಇವಳು ಕರಗಿದಳು. ಒಡಹುಟ್ಟಿದವರ ಜೊತೆ ವ್ಯವಹಾರ ಮಾಡಿದರೂ ಕಾಗದ ಮಾಡಿಕೊಳ್ಳಿ ಎಂದು ಪುಸ್ತಕದಲ್ಲಿ ಊರಿಗೆಲ್ಲ ಬುದ್ಧಿ ಹೇಳಿದವಳು ಅವನೊಂದಿಗೆ ಒಂದು ಸಾಲಿನ ಕರಾರನ್ನೂ ಮಾಡಿಕೊಳ್ಳಲಿಲ್ಲ. ತಮ್ಮಾ ಎಂದು ಕರೆದು ಊಟಕ್ಕಿಕ್ಕಿದ ಮೇಲೆ ಕಾಗದ ಕೇಳಲು ಅವಳಿಗೆ ನಾಚಿಕೆ.

ಕಾರ್ಯಕ್ರಮದಲ್ಲಿ ಜನ ಫೋನ್ ಮಾಡಿ, ಇಂಥದ್ದೊಂದು ಉಳಿತಾಯ ಯೋಜನೆ ಇದೆ, ಸೇರಬಹುದಾ ಎನ್ನುವರು. ಅವಳು ಯಾವ ಖಾಸಗಿ ಕಂಪನಿಯ ಹೆಸರನ್ನೂ ಬಾಯಿಗೆ ತರುತ್ತಿರಲಿಲ್ಲ. ಎಲ್ಲ ಬಿಡಿಸಿ ಹೇಳಿ ಕೊನೆಗೆ "ನಾನಾಗಿದ್ರ ಇಡ್ತಿದ್ದೆ ನೋಡ್ರಿ" ಎನ್ನುವಳು, ಇಲ್ಲವೇ "ನಾನಾಗಿದ್ರ ಇಡ್ತಿರಲಿಲ್ಲ" ಎನ್ನುವಳು. ಆ ಮಾತು ಮನೆಮಾತಾಯಿತು. ತಳ್ಳುಗಾಡಿಯ ಚಿಕ್ಕಮಾರಯ್ಯ ಕೂಡ ಬದನೆಕಾಯಿ ತೂಗುತ್ತ, "ನಾನಾಗಿದ್ರ ತಗೊಳ್ತಿದ್ದೆ ನೋಡ್ರಿ" ಎಂದು ಛೇಡಿಸುತ್ತಿದ್ದ. ಟಿವಿಗೆ ಹಾಕಿಕೊಳ್ಳುವ ಬ್ಲೌಸೆಲ್ಲ ಫಖ್ರುನ್ನೀಸಾ ಹೊಲಿದದ್ದು. ಕೂಲಿ ಕೊಡಲು ಹೋದರೆ "ನಿನ್ ಹತ್ರ ಏನ್ ತಗೊಳ್ಳೋದು, ಹೋಗೇ" ಎಂದು ಕೈ ತಳ್ಳುತ್ತಿದ್ದಳು.

ಕಾರು ಬಂತು. ಹೆಬ್ಬಾಳದಲ್ಲಿ ಭಾಷಣ, ಯಲಹಂಕದ ಕಾಲೇಜಿನಲ್ಲಿ ಸನ್ಮಾನ. ಎರಡನೆಯ ಪುಸ್ತಕವನ್ನು ಎದುರುಮನೆಯಲ್ಲಿ ಓದಲಾಗಲಿಲ್ಲ. ಪುರುಸೊತ್ತೆಲ್ಲಿ?

ಒಂದು ಬೆಳಿಗ್ಗೆ ಗೇಟಿನ ಮುಂದೆ ಹೆಂಗಸರ ಗುಂಪು. ತಿಂಗಳು ತಿಂಗಳು ದುಡ್ಡು ಕಟ್ಟಿಸಿಕೊಂಡು ವರ್ಷದ ಕೊನೆಗೆ ಚಿನ್ನ ಕೊಡುತ್ತೇವೆ ಎಂದಿದ್ದ ಒಡವೆ ಅಂಗಡಿಯವರು ರಾತ್ರೋರಾತ್ರಿ ಬಾಗಿಲು ಹಾಕಿಕೊಂಡು ಪರಾರಿಯಾಗಿದ್ದರು. ಪಕ್ಕದ ಮನೆಯ ರತ್ನಕ್ಕ ತನ್ನ ಮೊಬೈಲನ್ನು ದಾಕ್ಷಾಯಣಿಯ ಮುಖಕ್ಕೆ ಹಿಡಿದಳು. ಅದರಲ್ಲಿ ಹಸಿರು ಬ್ಲೌಸಿನ ದಾಕ್ಷಾಯಣಿ "ನಾನಾಗಿದ್ರ ಇಡ್ತಿದ್ದೆ ನೋಡ್ರಿ" ಎಂದು ನಗುತ್ತಿದ್ದಳು. ಹಿಂದೆಯೇ ಆ ಅಂಗಡಿಯ ಹೆಸರು ಮಿಂಚುತ್ತಿತ್ತು. ಹಿಂದಿನ ವರ್ಷ ಅಂಚೆ ಕಚೇರಿಯ ಉಳಿತಾಯದ ಬಗ್ಗೆ ಆಡಿದ್ದ ಮಾತನ್ನು ಯಾರೋ ಕತ್ತರಿಸಿ ಅಲ್ಲಿಗೆ ಅಂಟಿಸಿದ್ದರು. ತಿಂಗಳುಗಳಿಂದ ಜನ "ನಿಮ್ಮ ಜಾಹೀರಾತು ನೋಡಿದ್ವಿ" ಎಂದಾಗ, ತನ್ನ ಕಾರ್ಯಕ್ರಮದ ಜಾಹೀರಾತೆಂದೇ ತಿಳಿದು ಅವಳು ಬೀಗಿದ್ದಳು. ಗುಂಪಿನ ಹಿಂದೆ ಫಖ್ರುನ್ನೀಸಾ ನಿಂತಿದ್ದಳು. ಅಂಗಡಿಗೆಂದು ಕೂಡಿಟ್ಟಿದ್ದನ್ನೆಲ್ಲ ಅವಳು ಅಲ್ಲಿಗೇ ಕಟ್ಟಿದ್ದಳು.

ದಾಕ್ಷಾಯಣಿ ನೇರ ಸ್ಟುಡಿಯೋಗೆ ಹೋದಳು. ಬಸವಕಿರಣ ಕುರ್ಚಿಯಿಂದ ಏಳಲಿಲ್ಲ.

"ಮೇಡಂ, ನೀವು ಆಡದೇ ಇರೋ ಮಾತು ಒಂದಾದ್ರೂ ಇದ್ಯಾ ಅದ್ರಲ್ಲಿ?"

"ನನ್ನ ಒಂದ್ ಮಾತು ಕೇಳಿದೇನು ನೀ?"

"ಕೇಳ್ಬೇಕು ಅಂತ ಎಲ್ಲಾದ್ರೂ ಬರ್ಕೊಂಡಿದ್ವಾ?"

ಅಕ್ಕ ಅನ್ನುವುದು ಯಾವಾಗ ಮೇಡಂ ಆಯಿತೋ ಅವಳಿಗೆ ತಿಳಿಯಲಿಲ್ಲ. ನಂಬಿಸಿ ಕತ್ತು ಕೊಯ್ದ ಎಂದು ಮೈಯೆಲ್ಲ ಉರಿಯಿತು. ಪೊಲೀಸು, ವಕೀಲರು ಆಮೇಲೆ. ಊರೆಲ್ಲ ಉಗಿದರೂ ಉಗಿಯಲಿ, ಫಖ್ರುನ್ನೀಸಾ ಒಬ್ಬಳು ತನ್ನನ್ನು ನಂಬಬೇಕು. ದಾರಿಯುದ್ದಕ್ಕೂ ಅವಳ ಮನಸ್ಸಿನಲ್ಲಿದ್ದದ್ದು ಇಷ್ಟೇ.

ಎದುರುಮನೆಯಲ್ಲಿ ಫಖ್ರುನ್ನೀಸಾ ಹುಕ್ಕು ಹೊಲಿಯುತ್ತಿದ್ದಳು.

"ಫಖ್ರೂ, ಆ ಬ್ಲೌಸ್ ನೋಡಿದೇನು? ಹ್ವಾದ ವರ್ಷದ್ದು. ಹಳೇದನ್ನ ಕತ್ತರಿಸಿ ಹಾಕ್ಯಾನ ಅಂವ. ಆ ಅಂಗಡಿ ಬಗ್ಗೆ ನಾ ಹೇಳೇ ಇಲ್ಲ."

"ನೋಡ್ದೆ. ನಾನೇ ಹೊಲಿದಿದ್ದು ನನಗೆ ಗೊತ್ತಾಗಲ್ವಾ? ನಾನು ಹೊಲಿದಿದ್ದು ಹಾಕ್ಕೊಂಡು ದಾಕ್ಷಾ ಸುಳ್ಳು ಹೇಳಲ್ಲ ಅಂದ್ಕೊಂಡೆ."

"ರೊಕ್ಕ ಕಟ್ಟೋಕಿಂತ ಮೊದ್ಲ ನನ್ನ ಒಂದ್ ಮಾತು ಕೇಳಬಾರದಿತ್ತಾ?"

ಫಖ್ರುನ್ನೀಸಾ ತಲೆಯೆತ್ತಿದಳು. "ಬಂದಿದ್ದೆ. ನೀನು ಕಾರ್ ಹತ್ತುತಾ ಇದ್ದೆ. ದುಡ್ಡಿನ ವಿಷ್ಯ ಒಂದು ಕೇಳ್ಬೇಕಿತ್ತು ಕಣೇ ಅಂತ ಕೇಳ್ದೆ. ಪ್ರೋಗ್ರಾಂ ನೋಡು, ಅದರಾಗ ಎಲ್ಲಾ ಹೇಳೇನಿ ಅಂತ ನೀನೇ ಹೇಳ್ದೆ. ನೋಡ್ದೆ."

ದಾಕ್ಷಾಯಣಿಗೆ ನೆನಪಾಯಿತು. ಕಾರಿನ ಗಾಜನ್ನೂ ಪೂರ್ತಿ ಇಳಿಸಿರಲಿಲ್ಲ. ಬಸವಕಿರಣನ ಮೇಲಿದ್ದ ಸಿಟ್ಟನ್ನು ಈಗ ಎಲ್ಲಿಡಬೇಕೋ ಅವಳಿಗೆ ಗೊತ್ತಾಗಲಿಲ್ಲ.

ಫಖ್ರುನ್ನೀಸಾ ಕೊನೆಯ ಹುಕ್ಕಿನ ದಾರ ಕಚ್ಚಿ ಕತ್ತರಿಸಿದಳು. ಮುಂದಿನ ಕಾರ್ಯಕ್ರಮದ ಬ್ಲೌಸ್ ಅದು. ಮಡಿಚಿ ಕವರಿಗೆ ಹಾಕಿ ಕೊಟ್ಟಳು. ಕೊಟ್ಟ ಕೈಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

"ಲೈನಿಂಗ್ ಹಾಕಿದೀನಿ. ನಾನೂರು ಆಗುತ್ತೆ."

ದಾಕ್ಷಾಯಣಿ ಪರ್ಸು ತೆರೆದು ಕೊಟ್ಟಳು. ಫಖ್ರುನ್ನೀಸಾ ದುಡ್ಡನ್ನು ಡಬ್ಬಿಗೆ ಹಾಕಿ ಮಷಿನ್ ಮುಂದೆ ಕುಳಿತು ತುಳಿಯತೊಡಗಿದಳು. ಕೇಸು ಹಾಕುತ್ತೇನೆ, ನಿನ್ನ ದುಡ್ಡು ವಾಪಸ್ ತರುತ್ತೇನೆ, ಈ ಟಿವಿಯೇ ಬೇಡ ಎಂದು ದಾಕ್ಷಾಯಣಿ ಬಾಗಿಲಲ್ಲಿ ನಿಂತು ಏನೇನೋ ಹೇಳಿದಳು. ಮಷಿನ್ ಒಂದು ಸಲವೂ ನಿಲ್ಲಲಿಲ್ಲ.