ಬಂದರು ನಾಡಿದ್ದು

ಎರಡು ಸಾವಿರದ ದಶಕದ ನಡುವಿನ ವರ್ಷಗಳಲ್ಲಿ ನಾನು ಕಾರವಾರ ಬಂದರಿನಲ್ಲಿ ಒಂದು ಹಡಗು ಏಜೆನ್ಸಿಯ ಆಪರೇಶನ್ಸ್ ಆಫೀಸರ್ ಆಗಿದ್ದೆ. ಗಲ್ಫ್‌ನಿಂದ ಟ್ಯಾಂಕರ್ ಹಡಗುಗಳಲ್ಲಿ ಬರುವ ಬಿಟುಮೆನ್, ಅಂದರೆ ರಸ್ತೆಗೆ ಹಾಕುವ ಡಾಂಬರನ್ನು ಇಳಿಸಿಕೊಳ್ಳುವ ಏರ್ಪಾಡು ನನ್ನದು. ಡಾಂಬರು ಕುದಿಯುವ ನೀರಿಗಿಂತ ಬಿಸಿಯಾಗಿಯೇ ಇರಬೇಕು, ಆರಿದರೆ ಕಲ್ಲು. ಆ ಬಿಸಿಗೆ ನೀರು ಸೇರಿತೋ, ಕ್ಷಣದಲ್ಲಿ ಆವಿಯಾಗಿ, ಹಾಲು ಉಕ್ಕಿದ ಹಾಗೆ ಇಡೀ ಟ್ಯಾಂಕ್ ಉಕ್ಕುತ್ತದೆ. ಇದಕ್ಕೆ ಬಾಯ್ಲ್‌ಓವರ್ ಎನ್ನುತ್ತಾರೆ.

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಅದೇ ಆಯಿತು. ಹೊರಗೆ ಹಡಗು ಕಾಯುತ್ತಿದೆ ಎಂಬ ಅವಸರಕ್ಕೆ, ಮಳೆನೀರು ಇಳಿದಿದ್ದ ದಡದ ಟ್ಯಾಂಕನ್ನು ಪರೀಕ್ಷೆ ಮಾಡದೆ, ಆ ಟ್ಯಾಂಕುಗಳನ್ನು ನಡೆಸುವ ಟರ್ಮಿನಲ್ ಕಂಪನಿಯವರು ಪೈಪ್ ಬಿಸಿ ಮಾಡಲೆಂದು ಪಂಪ್ ಶುರು ಮಾಡಿಸಿದರು. ಟ್ಯಾಂಕ್ ಉಕ್ಕಿತು, ಜೆಟ್ಟಿಯ ಪೈಪ್‌ಲೈನ್ ಹೊತ್ತಿ ಉರಿಯಿತು. ಪಂಪ್ ನಡೆಸುತ್ತಿದ್ದ ದೇವಿದಾಸನನ್ನು ಆಂಬುಲೆನ್ಸ್‌ನಲ್ಲಿ ಗೋವಾದ ಆಸ್ಪತ್ರೆಗೆ ಒಯ್ದರು. ಅಂಕೋಲೆಯ ಮೀನುಗಾರರ ಮನೆಯವನು. ಸಮುದ್ರದ ಭಯ ಬೇಡವೆಂದು ಹೆಂಡತಿಯೇ ಹಟ ಹಿಡಿದು ಈ ನೌಕರಿಗೆ ಸೇರಿಸಿದ್ದಳು.

ಬಂದರು ಮುಚ್ಚಿತು. ಹಿಂದೆ ಬರುತ್ತಿದ್ದ ಇನ್ನೊಂದು ಹಡಗು ಬೇರೆ ಬಂದರಿಗೆ ತಿರುಗಿತು, ಆಫ್ರಿಕಾಕ್ಕೆ ಅದು ಒಯ್ಯಬೇಕಿದ್ದ ಮುಂದಿನ ಸರಕು ಗಲ್ಫ್‌ನಲ್ಲೇ ಕೂತಿತು. ಹುಬ್ಬಳ್ಳಿಯ ಲಾರಿಗಳನ್ನು ಬಾಳೆಗುಳಿ ಕ್ರಾಸಿನಲ್ಲೇ ತಡೆದರು. ದುಬೈ, ಸಿಂಗಾಪುರ, ಮುಂಬಯಿಯಿಂದ ಫೋನುಗಳು ಬಂದದ್ದೇ ಬಂದದ್ದು. ಸುಟ್ಟವನು ಹೇಗಿದ್ದಾನೆ ಎಂದು ಒಬ್ಬನಾದರೂ ಕೇಳಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಮಧ್ಯಾಹ್ನ ದೇವಿದಾಸನ ಹೆಂಡತಿ ಸುರೇಖಾ ಗೇಟಿಗೆ ಬಂದಳು. ನಾನು ಆಗ ಟಗ್ ದೋಣಿಯಲ್ಲಿ, ಹೊರಗೆ ಕಾಯುತ್ತಿದ್ದ ಹಡಗಿನ ಕಡೆ ಹೋಗಿದ್ದೆ. ನಡೆದದ್ದನ್ನು ಆಮೇಲೆ ವಾಚ್‌ಮನ್ ಹೇಳಿದ. ಕಂಪನಿಯವರು ಅವಳಿಗೆ ಏನೂ ತಿಳಿಸಿರಲಿಲ್ಲ. ಸ್ವಲ್ಪ ಸುಟ್ಟಿದೆಯಂತೆ, ಆಸ್ಪತ್ರೆಗೆ ಒಯ್ದಿದ್ದಾರಂತೆ ಎಂದು ಯಾರದೋ ಬಾಯಲ್ಲಿ ಕೇಳಿ ಬಂದಿದ್ದಳು. ಗೇಟಿನಲ್ಲಿ ಟರ್ಮಿನಲ್ ಮ್ಯಾನೇಜರ್, ಸುತ್ತ ಲಾರಿ ಮಾಲೀಕರು. ಗಂಡನ ಹೆಸರು ಹೇಳುವ ರೂಢಿ ಅವಳಿಗಿಲ್ಲ. ಎಲ್ಲರ ನಡುವಿನಿಂದ ಕೇಳಿದಳು:

"ಸಾಹೇಬ್ರೆ, ಬಂದ್ರು?"

ಬಂದರು ಯಾವಾಗ ತೆರೆಯುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಬೆಳಗಿನಿಂದ ಕೇಳಿ ಕೇಳಿ ಸಾಕಾಗಿದ್ದ ಮ್ಯಾನೇಜರ್ ತಿರುಗಿಯೂ ನೋಡದೆ ಅಂದ: "ನಾಡಿದ್ದು ಬೆಳಿಗ್ಗೆ."

"ಅಷ್ಟಾದ್ರೆ ಸಾಕ್ರಾ," ಎಂದು ಅವಳು ಅಂಕೋಲೆಯ ಬಸ್ಸು ಹತ್ತಿದಳು.

ಮೂರನೆಯ ದಿನ ಬೆಳಿಗ್ಗೆ, ಉಳಿದಿದ್ದ ಇನ್ನೊಂದು ಪೈಪ್‌ಲೈನ್ ನಂಬಿಕೊಂಡು, ಬಂದರು ತೆರೆಯಿತು. ಸುರೇಖಾ ಒಗೆದು ಮಡಿಸಿದ ಅಂಗಿ ಹಿಡಿದು ಗೇಟಿನಲ್ಲಿ ನಿಂತಿದ್ದಳು. ದೇವಿದಾಸ ಹಿಂದಿನ ರಾತ್ರಿ ತೀರಿಕೊಂಡಿದ್ದ. ಸುದ್ದಿ ಹೇಳಲು ಹೊರಟ ಜೀಪು ಅವಳ ಮನೆ ಮುಟ್ಟುವಷ್ಟರಲ್ಲಿ ಅವಳು ಬಸ್ಸಿನಲ್ಲಿ ಇತ್ತ ಬಂದಿದ್ದಳು.

"ತಂಗಿ, ಅವನಿನ್ನು ಬರೂದಿಲ್ಲ," ಎಂದೆ.

"ಇವತ್ತು ಬತ್ರು ಅಂದಿದ್ರಲ್ರಾ, ಸಾಹೇಬ್ರೇ ಅಂದಿದ್ರು," ಎಂದಳು. ಹಡಗು ಹಾರ್ನ್ ಹಾಕುತ್ತ ಒಳಗೆ ಬರುತ್ತಿತ್ತು. ಅವಳು ಇನ್ನೊಂದು ಸಲ ಅದನ್ನೇ ಹೇಳಿದಳು.

ಆ ಕೊನೆಯ ದಿನವೆಲ್ಲ ದೇವಿದಾಸನಿಗೆ ಎಚ್ಚರವಿತ್ತಂತೆ. "ಮನೆಯವ್ಳು ಬಂದ್ಲಾ?" ಎಂದು ನರ್ಸ್‌ ಹತ್ತಿರ ಕೇಳುತ್ತಲೇ ಇದ್ದನಂತೆ. ಗೋವಾ ಏನು ದೂರ, ಅರ್ಧ ದಿನದ ದಾರಿಯೂ ಅಲ್ಲ. ಮ್ಯಾನೇಜರ್‌ಗೆ ಇದನ್ನು ಹೇಳಿದಾಗ, "ನಾನು ಬಂದರಿನ ವಿಷಯ ಹೇಳಿದ್ದಪ್ಪ," ಎಂದು ಮತ್ತೆ ಫೋನು ಎತ್ತಿಕೊಂಡ.

ಆಮೇಲೆ ಎಷ್ಟೋ ಹಡಗುಗಳನ್ನು ನೋಡಿಕೊಂಡೆ, ನಿವೃತ್ತನೂ ಆದೆ. ನೌಕರಿ ನನಗೆ ಕಲಿಸಿದ್ದು ಇಷ್ಟೇ: ಯಾರಾದರೂ "ಬಂದರು?" ಎಂದು ಕೇಳಿದರೆ, ಉತ್ತರ ಕೊಡುವ ಮೊದಲು "ಯಾರು?" ಎಂದು ಕೇಳಬೇಕು.