ಕೊಳವೆಯೊಳಗೆ ಸವೆದ ತಾಮ್ರ

ಅರವತ್ತರ ದಶಕದ ನಡುವೆ ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ದಿನಾ ಕುಣಿಗಲ್ಲಿನಿಂದ ಬಸ್ಸಿನಲ್ಲಿ ಓಡಾಟ. ಮನೆಯಲ್ಲಿ ಅತ್ತೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಅವರಿಗೆ ಮೈ ಒರೆಸಿ, ಗಂಜಿ ಕುಡಿಸಿ, ಅಡುಗೆ ಮುಗಿಸಿ ಹೊರಡುವಷ್ಟರಲ್ಲೇ ನಾನು ಸೋತಿರುತ್ತಿದ್ದೆ.

ನಮ್ಮ ವಿಭಾಗದ ಮುಖ್ಯಸ್ಥರು ಗುಬ್ಬಿಯಿಂದ ರೈಲಿನಲ್ಲಿ ಬರುತ್ತಿದ್ದರು. ಹೆಂಡತಿ ತೀರಿಕೊಂಡಿದ್ದರು, ನಿವೃತ್ತಿಯೂ ಹತ್ತಿರವಿತ್ತು. ಒಂದು ಬೆಳಿಗ್ಗೆ ವಿದೇಶದ ಪತ್ರಿಕೆಯೊಂದನ್ನು ಹಿಡಿದು ಬಂದರು. ವಿದ್ಯುತ್ತಿನಿಂದ ಅನಿಲದ ಕಣಗಳನ್ನು ಹಿಂದಕ್ಕೆ ಚಿಮ್ಮಿಸಿ ಬಾಹ್ಯಾಕಾಶ ನೌಕೆಯನ್ನು ಮುಂದಕ್ಕೆ ತಳ್ಳುವ ಎಂಜಿನ್ ಬಗ್ಗೆ ಅದರಲ್ಲಿತ್ತು.

"ಇದು ತಳ್ಳೋದು ಅಂಗೈ ಮೇಲಿಟ್ಟ ಕಾಗದದ ಭಾರದಷ್ಟು ಕಣಮ್ಮ. ಅದಕ್ಕೇ ತಿಂಗಳುಗಟ್ಟಲೆ ನಡೀತಾನೇ ಇರ್ಬೇಕು. ಆದ್ರೆ ಆ ಕಣಗಳೇ ಎಂಜಿನ್ನಿನ ಲೋಹಾನೂ ಹೊಡೆದು ಹೊಡೆದು ಸವೆಸ್ತವೆ. ನಮ್ಮ ಡಿಸ್ಚಾರ್ಜ್ ಟ್ಯೂಬಲ್ಲೂ ಆಗೋದು ಅದೇ. ನೋಡೇಬಿಡಾಣ."

ಗಾಳಿ ತೆಗೆದ ಆ ಗಾಜಿನ ಕೊಳವೆಯ ಒಂದು ತುದಿಗೆ ತೆಳ್ಳನೆಯ ತಾಮ್ರದ ತಗಡು ಕೂರಿಸಿದರು. ಕರೆಂಟು ಹರಿಸಿದರೆ ಒಳಗೆ ನೇರಳೆ ಬೆಳಕು. ಪಾಠ ಇಲ್ಲದ ಹೊತ್ತೆಲ್ಲ ಕೊಳವೆಯ ಗಾಳಿ ಎಳೆಯುವ ಪಂಪು ನೋಡಿಕೊಳ್ಳುವ ಕೆಲಸ ನನ್ನದಾಯಿತು. ವಾರಗಳು ಕಳೆದವು. ತಾಮ್ರದ ಸುತ್ತಲಿನ ಗಾಜು ಮಬ್ಬಾಗಿ, ಕಂದಾಗಿ, ಕೊನೆಗೆ ಕನ್ನಡಿಯಂತಾಯಿತು. ತಗಡಿನಿಂದ ಎದ್ದ ಲೋಹವೆಲ್ಲ ಅಲ್ಲಿ ಹೋಗಿ ಕೂತಿತ್ತು. ಅವರು ಹಿಗ್ಗುತ್ತಿದ್ದರು. ನನಗೆ ಸಂಜೆಯ ಹೊತ್ತಿಗೆ ಕಾಲು ಬಾತುಕೊಳ್ಳುತ್ತಿತ್ತು.

ಒಂದು ಮಧ್ಯಾಹ್ನ ಅವರು ಕೂಗಿದರು: "ಬಾಮ್ಮ ಇಲ್ಲಿ! ತೂತು ಬಿದ್ದಿದೆ!"

ತಗಡಿನ ನಡುವೆ ಸೂಜಿಮೊನೆಯಷ್ಟು ರಂಧ್ರ. ಮುಂದಿನ ವಾರ ಅಲ್ಯೂಮಿನಿಯಂ ಹಾಕೋಣ, ಅದು ಇನ್ನೂ ಹೆಚ್ಚು ದಿನ ಬಾಳುತ್ತೆ ಎಂದು ಅವರು ಹೇಳುತ್ತಿದ್ದಂತೆ ನನಗೆ ಅಳು ಒತ್ತರಿಸಿ ಬಂತು.

"ಸಾರ್, ನನ್ ಕೈಲಿ ಆಗ್ತಿಲ್ಲ."

ಅವರು ಸ್ವಿಚ್ ಆರಿಸಿದರು. ಬೆಳಕು ಹೋಯಿತು. "ನಮ್ಮನೆಯವಳೂ ಒಂದ್ಸಲ ಹಿಂಗೇ ಅಂದಿದ್ಲು. ನಾನು ಪೇಪರ್ ನೋಡ್ತಾ ಕೂತಿದ್ದೆ, ತಲೇನೇ ಎತ್ಲಿಲ್ಲ," ಎಂದರು. ಆಮೇಲೆ, "ನಾಳೆಯಿಂದ ಮಧ್ಯಾಹ್ನದ ಪ್ರಾಕ್ಟಿಕಲ್ ನಾನು ತಗೋತೀನಿ. ನೀನು ಮೂರು ಗಂಟೆ ಬಸ್ಸಿಗೆ ಹೊರಟ್ಬುಡು."

ಹೇಳಿದಂತೆಯೇ ನಡೆದುಕೊಂಡರು. ಅಲ್ಯೂಮಿನಿಯಂ ತಗಡನ್ನೂ ತಾವೇ ಕೂರಿಸಿ, ತಾವೇ ಕಾದರು. ಅದು ನಿಜಕ್ಕೂ ಹೆಚ್ಚು ಕಾಲ ತಡೆಯಿತು, ಆದರೂ ಗಾಜಿನ ಮೇಲೆ ತೆಳ್ಳಗೆ ಕಲೆ ಮೂಡುವುದು ನಿಲ್ಲಲಿಲ್ಲ.

ಅವರು ನಿವೃತ್ತರಾದಾಗ, ಬೀಳ್ಕೊಡುಗೆಯ ದಿನ ಸಭಾಂಗಣದಲ್ಲಿ ಎಲ್ಲರೂ ಅವರಿಗಾಗಿ ಕಾಯುತ್ತಿದ್ದರು. ಕರೆಯಲು ಹೋದೆ. ಲ್ಯಾಬಿನಲ್ಲಿ ಕೋಟು ತೊಟ್ಟು, ಪಂಪಿನ ಮೇಲೆ ಕೈಯಿಟ್ಟು ಕೂತಿದ್ದರು.

"ಎಲ್ರೂ ಬಂದವ್ರಾ?"

"ಬಂದಿದಾರೆ ಸಾರ್."

"ಕೂತ್ಕೊ ಒಂದ್ನಿಮಿಷ."

ಪಕ್ಕದ ಸ್ಟೂಲಿನಲ್ಲಿ ಕುಳಿತೆ. ಆಚೆಯಿಂದ ಮೈಕು ಪರೀಕ್ಷಿಸುವ ಸದ್ದು ಬರುತ್ತಿತ್ತು. ಇಬ್ಬರಿಗೂ ಏಳುವ ಮನಸ್ಸಾಗಲಿಲ್ಲ.