ನಲವತ್ತೆಂಟು ಹೆಜ್ಜೆ

ಊರಿಗೆಲ್ಲ ಅವರು ಮಿಲಿಟರಿಯಪ್ಪ. ಹದಿನೆಂಟಕ್ಕೆ ಸೈನ್ಯ ಸೇರಿ, ಹದಿನೈದು ವರ್ಷ ಹೊಳೆಗಳಿಗೆ ಸೇತುವೆ ಕಟ್ಟುವ ತುಕಡಿಯಲ್ಲಿದ್ದು, ಆಮೇಲೆ ಊರಿಗೆ ಬಂದು ಇಪ್ಪತ್ತೇಳು ವರ್ಷ ನೀರು ಸರಬರಾಜಿನಲ್ಲಿ ವಾಲ್ವ್ ತಿರುಗಿಸಿದವರು. ಯಾವ ಓಣಿಯಲ್ಲಿ ಯಾವ ಪೈಪು ಎಲ್ಲಿ ಹೊರಳುತ್ತದೆ ಎನ್ನುವುದು ಕಚೇರಿಯ ನಕ್ಷೆಗಿಂತ ಅವರ ಜೇಬಿನ ಪುಸ್ತಕಕ್ಕೇ ಚೆನ್ನಾಗಿ ಗೊತ್ತಿತ್ತು. ಆ ಪುಸ್ತಕದಲ್ಲಿ ಅಡಿ, ಮೀಟರು ಏನೂ ಇರಲಿಲ್ಲ, ಬರೀ ಹೆಜ್ಜೆ. ಉಗ್ರಾಣದ ಅಳತೆ ಟೇಪು ಯಾವಾಗ ಕೇಳಿದರೂ ಯಾರದೋ ಮನೆ ಕಟ್ಟುವಲ್ಲಿಗೆ ಹೋಗಿರುತ್ತಿತ್ತು. ಇವರ ಕಾಲು ಮಾತ್ರ ಇವರ ಹತ್ತಿರವೇ ಇರುತ್ತಿತ್ತು. ಕವಾಯತಿನ ಮೇಷ್ಟ್ರು ಮೀನಖಂಡಕ್ಕೆ ಕೋಲು ತಾಗಿಸಿ ಕಲಿಸಿದ ಹೆಜ್ಜೆ ಅದು. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಮೂವತ್ತು ಇಂಚು.

ನಿವೃತ್ತಿಯಾದ ಮೂರನೇ ವರ್ಷ, ಒಂದು ಬೆಳಿಗ್ಗೆ ಕಚೇರಿಯ ಜೀಪು ಬಾಗಿಲಿಗೆ ಬಂತು. ಅದರಿಂದಿಳಿದ ಎಂಜಿನಿಯರ್‌ಗೆ ಹೆಚ್ಚುಕಡಿಮೆ ಅವರ ಮಗಳದೇ ವಯಸ್ಸು. ಕೆಳಗಿನ ಓಣಿಯಲ್ಲಿ ದೊಡ್ಡ ಪೈಪು ಒಡೆದು ಮನೆಗಳಿಗೆ ನೀರು ನುಗ್ಗುತ್ತಿದೆ, ಅದನ್ನು ನಿಲ್ಲಿಸುವ ವಾಲ್ವ್ ಹೊಸ ಡಾಂಬರಿನ ಕೆಳಗೆ ಸೇರಿಬಿಟ್ಟಿದೆ ಎಂದಳು. ಗಂಟೆಯೊಳಗೆ ಸಿಗದಿದ್ದರೆ ಟ್ಯಾಂಕನ್ನೇ ಬಂದ್ ಮಾಡಬೇಕು. ಆಗ ಆಸ್ಪತ್ರೆಗೂ ನೀರಿಲ್ಲ. ಮಿಲಿಟರಿಯಪ್ಪ ಪುಸ್ತಕ ಜೇಬಿಗಿಟ್ಟುಕೊಂಡು ಹೊರಟೇಬಿಟ್ಟರು. ಮಂಡಿಯ ಆಪರೇಷನ್ ಆಗಿ ವರ್ಷವೂ ತುಂಬಿರಲಿಲ್ಲ. ಒಬ್ಬರನ್ನೇ ಕಳಿಸಲು ಮನಸ್ಸು ಬಾರದೆ ಮನೆಯಲ್ಲೇ ಟೈಲರಿಂಗ್ ಮಾಡುವ ಮಗಳು ಕೈಲಿದ್ದ ಹೊಲಿಗೆಯನ್ನು ಅರ್ಧಕ್ಕೇ ಬಿಟ್ಟು, ಕೊರಳಿನ ಟೇಪು ಸಮೇತ ಜೀಪು ಹತ್ತಿದಳು.

ಮಿಲಿಟರಿಯಪ್ಪ ಪುಸ್ತಕದಲ್ಲಿ ಬರೆದಿದ್ದಂತೆ ಗ್ರಂಥಾಲಯದ ಮೂಲೆಗೆ ಬೆನ್ನು ಕೊಟ್ಟು ನಿಂತು, ಎದೆ ಸೆಟೆಸಿ ನಲವತ್ತೆಂಟು ಹೆಜ್ಜೆ ಎಣಿಸಿ, ಇಲ್ಲೇ ಎಂದರು. ಕೆಲಸದವರು ಅಗೆದರು. ಬರೀ ಮಣ್ಣು. ಕೆಸರುಗಾಲಲ್ಲೇ ಹಿಂದಕ್ಕೆ ಹೋಗಿ ಇನ್ನೊಮ್ಮೆ ಎಣಿಸಿಕೊಂಡು ಬಂದರೆ ಅದೇ ಗುಂಡಿಯ ಅಂಚು. ಗುಂಡಿ ಅಗಲವಾಯಿತೇ ಹೊರತು ವಾಲ್ವಿನ ಸುಳಿವಿಲ್ಲ.

"ವಾಲ್ವೂ ರಿಟೈರಾಗಿ ಮನೆಗೆ ಹೋಯ್ತೇನೋ, ಮಿಲಿಟರಿಯಪ್ಪ," ಎಂದ ಗುದ್ದಲಿ ಹಿಡಿದವನು.

ಯಾರೋ ಕಿಸಕ್ಕೆಂದರು. ಮಿಲಿಟರಿಯಪ್ಪನ ಮುಖ ಇಷ್ಟಾಯಿತು. ಪುಸ್ತಕದ ಹಾಳೆಯನ್ನು ಬೆರಳಲ್ಲಿ ಸವರಿ ಸವರಿ ನೋಡಿದರು. ಇದೊಂದು ತಪ್ಪಾದರೆ ಉಳಿದ ಹಾಳೆಗಳನ್ನು ಯಾರು ನಂಬುತ್ತಾರೆ? ಅತ್ತ ಎಂಜಿನಿಯರ್ ಟ್ಯಾಂಕಿನವರಿಗೆ ಫೋನ್ ಮಾಡಲು ಹೊರಟಿದ್ದಳು.

ಮಗಳ ಕಣ್ಣು ಗುಂಡಿಯ ಮೇಲಿರಲಿಲ್ಲ, ರಸ್ತೆಯ ಮೇಲಿತ್ತು. ಅಪ್ಪನ ಚಪ್ಪಲಿಯ ಕೆಸರು ಗುರುತುಗಳು ಒತ್ತೊತ್ತಾಗಿ ಬಿದ್ದಿದ್ದವು. ಬಗ್ಗಿ ಟೇಪು ಹಿಡಿದಳು. ಇನ್ನೆರಡು ಕಡೆ ಹಿಡಿದಳು. ಎಲ್ಲರೆದುರು ಆಡುವ ಮಾತಲ್ಲವೆಂದು ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು.

"ಅಪ್ಪಾ, ಪುಸ್ತಕ ಸರಿಯಾಗೇ ಇದೆ. ನಿನ್ನ ಹೆಜ್ಜೆ ಚಿಕ್ಕದಾಗಿದೆ."

"ನನ್ನ ಹೆಜ್ಜೆ ಮೂವತ್ತು ಇಂಚು."

"ಮಂಡಿ ಕುಯ್ಸೋಕೆ ಮುಂಚೆ. ಈಗ ಇಪ್ಪತ್ತೆರಡೂವರೆ. ನೀನೇ ನೋಡು."

ಅವರು ಟೇಪು ನೋಡಿದರು, ಮಂಡಿ ನೋಡಿಕೊಂಡರು. ತುಟಿ ಅಲುಗಿಸುತ್ತ ಏನೋ ಗುಣಿಸಿದರು. ಆಮೇಲೆ ಬೀದಿಗೆಲ್ಲ ಕೇಳುವಂತೆ, "ಮೂವತ್ತಡಿ ಮುಂದಕ್ಕೆ ಅಗೀರಪ್ಪಾ. ಈ ಕಾಲು ನನಗೂ ಒಂದು ಮಾತು ಹೇಳದೆ ಮೋಸ ಮಾಡಿದೆ," ಎಂದರು.

ಎರಡಡಿ ಆಳಕ್ಕೆ ಗುದ್ದಲಿ ಠಣ್ ಎಂದಿತು. ತಾವೇ ತಿರುಗಿಸುವುದಾಗಿ ಅವರು ಹಠ ಹಿಡಿಯಲಿಲ್ಲ. ಪಕ್ಕದ ಕಲ್ಲಿನ ಮೇಲೆ ಕೂತು, ಹದಿನಾಲ್ಕು ಸುತ್ತು, ಕೊನೆಯ ಎರಡು ನಿಧಾನಕ್ಕೆ ಎಂದು ಹೇಳಿಕೊಟ್ಟರು. ಸ್ವಲ್ಪ ಹೊತ್ತಿಗೆ ಕೆಳಗಿನ ಓಣಿಯಿಂದ ಫೋನ್ ಬಂತು, ನೀರು ನಿಂತಿದೆ ಎಂದು. ಗುದ್ದಲಿಯವನು ತನ್ನ ನೀರಿನ ಬಾಟಲಿಯನ್ನೇ ತಂದು ಅವರ ಕೈಗಿಟ್ಟ.

ಎಂಜಿನಿಯರ್ ಗ್ರಂಥಾಲಯದ ಗೋಡೆಗೆ ಬಣ್ಣದಲ್ಲಿ ನಲವತ್ತೆಂಟು ಹೆಜ್ಜೆ ಎಂದು ಬರೆಸಲು ಹೊರಟಾಗ ಅವರು ತಡೆದರು.

"ಹೆಜ್ಜೆ ಬೇಡಮ್ಮ. ನೂರಿಪ್ಪತ್ತಡಿ ಅಂತ ಬರೆಸು. ನಾಳೆ ಬರೋನ ಕಾಲು ಎಷ್ಟುದ್ದವೋ ಯಾರಿಗ್ಗೊತ್ತು."

ವಾಪಸು ಬರುವಾಗ ಜೀಪಿನಲ್ಲೇ ಪುಸ್ತಕ ಬಿಚ್ಚಿ ಮೊದಲ ಹಾಳೆಯ ಹೆಜ್ಜೆಗಳನ್ನು ಅಡಿಗೆ ಲೆಕ್ಕ ಹಾಕತೊಡಗಿದರು. ಸಂಜೆಯೊಳಗೆ ಕೊಡಬೇಕಾದ ಎರಡು ಅಂಗಿ ಬಾಕಿಯಿದ್ದರೂ ಮಗಳು ಡ್ರೈವರ್‌ನ ಹತ್ತಿರ ಪೆನ್ನು ಕೇಳಿ ಇಸಿದುಕೊಂಡಳು.